ಬೆಳಕಿನ ಕನ್ನಡಿ, ಚಾವಣಿಯ ದೀಪ, ಚಲನೆಯ ಸೆನ್ಸರ್: ಬಚ್ಚಲುಮನೆಯಲ್ಲಿ 14 ತಿಂಗಳ ಬಳಕೆಯ ನಂತರ

ಬಚ್ಚಲುಮನೆಯನ್ನು ದುರಸ್ತಿ ಮಾಡಿಸಿದಾಗ ನಾವು ಬೆಳಕಿಗೆಂದು ಮೂರು ವಸ್ತುಗಳನ್ನು ಕೊಂಡೆವು. ವಾಷ್ ಬೇಸಿನ್ ಮೇಲಕ್ಕೆ ಎಲ್‌ಇಡಿ ಅಳವಡಿಸಿದ ಕನ್ನಡಿ, ಚಾವಣಿಗೆ ನೀರು ಒಳಸೇರದ ದುಂಡನೆಯ ದೀಪ, ಮತ್ತು ಯಾರಾದರೂ ಒಳಗೆ ಬಂದೊಡನೆ ದೀಪ ಹೊತ್ತಿಸುವ ಸೆನ್ಸರ್. 14 ತಿಂಗಳಿಂದ ಇವನ್ನು ದಿನವೂ ಬಳಸುತ್ತಿದ್ದೇವೆ. ಕನ್ನಡಿಯನ್ನು ಒಮ್ಮೆ ಹಿಂದಿರುಗಿಸಿ ಬೇರೆ ತಂದದ್ದಾಯಿತು, ಚಾವಣಿಯ ದೀಪವನ್ನು ಒಮ್ಮೆ ಬಿಚ್ಚಿ ಮತ್ತೆ ಕೂರಿಸಿದ್ದಾಯಿತು, ಸೆನ್ಸರನ್ನು ಮೊದಲು ಹಾಕಿದ್ದ ಕೆಲಸದಿಂದ ತೆಗೆದು ಬೇರೊಂದು ಕೆಲಸಕ್ಕೆ ಹಚ್ಚಿದ್ದಾಯಿತು. ತಯಾರಕರ ಹೆಸರುಗಳನ್ನು ಇಲ್ಲಿ ಹೇಳುತ್ತಿಲ್ಲ. ಇಂಥ ಕನ್ನಡಿಗಳು ಒಂದೇ ಒಳರಚನೆಯೊಂದಿಗೆ ಹಲವು ಹೆಸರುಗಳಲ್ಲಿ ಮಾರಾಟವಾಗುತ್ತವೆ. ಹಾಗಾಗಿ ಕೊಳ್ಳುವವರಿಗೆ ಹೆಸರಿಗಿಂತ ಡಬ್ಬದ ಮೇಲಿನ ಅಂಕಿಗಳನ್ನು ಓದಲು ತಿಳಿದಿರುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇದಕ್ಕೆಲ್ಲ ಕಾರಣವಾದದ್ದು ನಮ್ಮ ತಂದೆಯವರ ಕ್ಷೌರ. ಅವರಿಗೆ 74 ವರ್ಷ. ಹಳೆಯ ಬಚ್ಚಲುಮನೆಯಲ್ಲಿ ಚಾವಣಿಯ ನಡುವೆ ಒಂದೇ ದೀಪವಿತ್ತು. ಬೇಸಿನ್ ಎದುರು ನಿಂತವರಿಗೆ ಅದು ತಲೆಯ ಹಿಂದೆ, ಮೇಲಿನಿಂದ ಬೀಳುವ ಬೆಳಕು. ನೆತ್ತಿ, ಭುಜ ಮತ್ತು ಬೇಸಿನ್ನಿನ ಅಂಚು ಚೆನ್ನಾಗಿ ಕಾಣುತ್ತಿದ್ದವು. ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಗಲ್ಲದ ಕೆಳಗೆ ಮಾತ್ರ ಕಪ್ಪು ನೆರಳು. ತಂದೆಯವರು ದವಡೆಯ ಅಂಚಿಗೆ ಬಂದಾಗ ಬ್ಲೇಡನ್ನು ನಿಲ್ಲಿಸಿ, ಎಡಗೈ ಬೆರಳಿನಿಂದ ಚರ್ಮವನ್ನು ಸವರಿ ನೋಡಿ, ಆಮೇಲೆ ಅಂದಾಜಿನ ಮೇಲೆ ಮುಂದುವರಿಸುತ್ತಿದ್ದರು. ವಾರದಲ್ಲಿ ಒಂದೆರಡು ಬಾರಿಯಾದರೂ ಅಲ್ಲಿ ಗಾಯವಾಗುತ್ತಿತ್ತು. ಬಲ್ಬ್ ಸಣ್ಣದಾಯಿತೆಂದು ನಾನು ಎರಡು ಸಲ ಹೆಚ್ಚು ವಾಟಿನದನ್ನು ತಂದು ಹಾಕಿದೆ. ಬೆಳಕು ಹೆಚ್ಚಾದಷ್ಟೂ ನೆರಳು ಇನ್ನಷ್ಟು ದಟ್ಟವಾಯಿತೇ ಹೊರತು ಗಲ್ಲದ ಕೆಳಗಿನ ಕತ್ತಲೆ ಹೋಗಲಿಲ್ಲ. ಕೊರತೆ ಇದ್ದದ್ದು ಬೆಳಕಿನ ಪ್ರಮಾಣದಲ್ಲಲ್ಲ, ಅದು ಬರುವ ದಿಕ್ಕಿನಲ್ಲಿ ಎಂಬುದು ಆಗ ತಿಳಿಯಿತು. ಬಚ್ಚಲುಮನೆಯ ದೀಪಗಳನ್ನು ಈಗ ನಾನು ಅಳೆಯುವುದು ಇದೊಂದೇ ಮಾನದಂಡದಿಂದ: ಕನ್ನಡಿಯ ಎದುರು ನಿಂತವರ ಮುಖದ ಮೇಲೆ ಬೆಳಕು ಮುಂದಿನಿಂದ ಬೀಳುತ್ತದೆಯೇ?

ಮೊದಲು ತಂದ ಕನ್ನಡಿ ಈ ಪರೀಕ್ಷೆಯಲ್ಲಿ ಸೋತಿತು. ಅದು ನೋಡಲು ಬಹಳ ಚೆಂದವಾಗಿತ್ತು. ಎಲ್‌ಇಡಿ ಪಟ್ಟಿ ಕನ್ನಡಿಯ ಬೆನ್ನಿಗೆ ಅಂಟಿಕೊಂಡಿದ್ದು, ಬೆಳಕು ಹಿಂದಿನ ಗೋಡೆಗೆ ಬಡಿದು ಸುತ್ತಲೂ ಪ್ರಭಾವಳಿಯಂತೆ ಹೊಮ್ಮುತ್ತಿತ್ತು. ಅಂಗಡಿಯಲ್ಲಿ ಸುತ್ತ ಬೇರೆ ದೀಪಗಳು ಉರಿಯುತ್ತಿದ್ದುದರಿಂದ ಮುಖ ಕಾಣುವುದು ಆ ದೀಪಗಳಿಂದಲೇ ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ಮನೆಯಲ್ಲಿ ಅದೊಂದನ್ನೇ ಹೊತ್ತಿಸಿದಾಗ ಗೋಡೆ ಹೊಳೆಯಿತು, ಮುಖ ಮಬ್ಬಾಗಿಯೇ ಉಳಿಯಿತು. ನಮ್ಮ ಗೋಡೆಯ ಟೈಲ್ಸ್ ಕಡು ಬೂದು ಬಣ್ಣದವಾದ್ದರಿಂದ ಬಿದ್ದ ಬೆಳಕಿನ ಬಹುಪಾಲನ್ನು ಅವೇ ಹೀರಿಕೊಂಡವು. ಬಿಳಿ ಗೋಡೆಯಿದ್ದವರಿಗೆ ಇಂಥ ಕನ್ನಡಿಯಿಂದ ತುಸು ಹೆಚ್ಚು ಬೆಳಕು ದೊರೆತೀತು, ಆದರೂ ಕ್ಷೌರಕ್ಕೆ ಸಾಲುವಷ್ಟಲ್ಲ. ಅದನ್ನು ಅಲಂಕಾರದ ದೀಪವೆಂದು ತಿಳಿದು ಕೊಳ್ಳುವುದಾದರೆ ನನ್ನ ಆಕ್ಷೇಪವಿಲ್ಲ.

ಒಂದು ವಾರದೊಳಗೆ ಅದನ್ನು ಹಿಂದಿರುಗಿಸಿ ತಂದ ಎರಡನೆಯ ಕನ್ನಡಿ 60 ಸೆಂಟಿಮೀಟರ್ ಅಗಲ, 80 ಸೆಂಟಿಮೀಟರ್ ಎತ್ತರವಿದೆ. ಅದರ ಎಡ ಮತ್ತು ಬಲ ಅಂಚುಗಳಲ್ಲಿ ಪಾದರಸದ ಲೇಪವನ್ನು ಹೋಲುವ ಹಿಂಬದಿಯ ಪದರವನ್ನು ಕೆರೆದು, ಗಾಜನ್ನು ಹಾಲಿನ ಬಣ್ಣಕ್ಕೆ ತಂದಿದ್ದಾರೆ. ಮೂರು ಬೆರಳಿನಷ್ಟು ಅಗಲದ ಈ ಎರಡು ಪಟ್ಟಿಗಳ ಮೂಲಕ ಬೆಳಕು ನೇರವಾಗಿ ಮುಂದಕ್ಕೆ, ನಿಂತವರ ಎರಡೂ ಕೆನ್ನೆಗಳ ಕಡೆಗೆ ಬರುತ್ತದೆ. ಎಡಗಡೆಯ ಪಟ್ಟಿಯಿಂದ ಬಿದ್ದ ನೆರಳನ್ನು ಬಲಗಡೆಯದು ಅಳಿಸುತ್ತದೆ, ಬಲಗಡೆಯದನ್ನು ಎಡಗಡೆಯದು. ತಂದೆಯವರು ಮೊದಲ ದಿನ ಕತ್ತನ್ನು ಮೇಲಕ್ಕೆತ್ತಿ ದವಡೆಯ ಅಡಿಭಾಗವನ್ನು ಕನ್ನಡಿಯಲ್ಲಿ ನೋಡಿ, ಬೆರಳಿನಿಂದ ಸವರದೆಯೇ ಕ್ಷೌರ ಮುಗಿಸಿದರು. ನನಗೆ ಬೇಕಾಗಿದ್ದ ವಿಮರ್ಶೆ ಅಲ್ಲಿಗೆ ಮುಗಿದಿತ್ತು.

ಕನ್ನಡಿಯನ್ನು ಯಾವ ಎತ್ತರಕ್ಕೆ ತೂಗುಹಾಕಬೇಕೆಂಬುದನ್ನು ಎಲೆಕ್ಟ್ರಿಷಿಯನ್ ಅಥವಾ ಟೈಲ್ಸ್ ಕೂರಿಸುವವರ ಅಂದಾಜಿಗೆ ಬಿಡಬಾರದು. ಟೈಲ್ಸಿನ ಗೆರೆಗೆ ಹೊಂದುವಂತೆ ಹಾಕಿದರೆ ಅವರ ಕಣ್ಣಿಗೆ ಅಂದವಾಗಿರುತ್ತದೆ, ಆದರೆ ಬೆಳಕಿನ ಪಟ್ಟಿ ಮನೆಯವರೆಲ್ಲರ ಮುಖದ ಮಟ್ಟದಲ್ಲಿ ಇರಬೇಕು. ನಮ್ಮಲ್ಲಿ ಅತಿ ಕುಳ್ಳರಾದ ಅಮ್ಮನ ಕಣ್ಣು ಮತ್ತು ಅತಿ ಎತ್ತರದವನಾದ ನನ್ನ ಕಣ್ಣು ನೆಲದಿಂದ ಎಷ್ಟೆಷ್ಟು ಎತ್ತರದಲ್ಲಿವೆ ಎಂದು ಪೆನ್ಸಿಲ್ಲಿನಿಂದ ಗೋಡೆಯ ಮೇಲೆ ಗುರುತು ಹಾಕಿಕೊಂಡು, ಎರಡೂ ಪಟ್ಟಿಯೊಳಗೆ ಬರುವಂತೆ ಕನ್ನಡಿಯ ಕೆಳಗಿನ ಅಂಚನ್ನು 1.1 ಮೀಟರಿಗೂ ಮೇಲಿನ ಅಂಚನ್ನು 1.9 ಮೀಟರಿಗೂ ಇರಿಸಿದೆವು.

ಇನ್ನು ಬೆಳಕಿನ ಬಣ್ಣ. ಡಬ್ಬದ ಮೇಲೆ ಎರಡು ಬೇರೆ ಬೇರೆ ಅಂಕಿಗಳಿರುತ್ತವೆ, ಜನ ಅವೆರಡನ್ನೂ ಒಂದೇ ಎಂದು ತಿಳಿಯುವುದುಂಟು. ಕೆಲ್ವಿನ್‌ನಲ್ಲಿ ಹೇಳುವ ಅಂಕಿ ಬಿಳಿ ಬೆಳಕಿನ ಛಾಯೆಯನ್ನು ಸೂಚಿಸುತ್ತದೆ: 2,700 ಎಂದರೆ ಹಳೆಯ ತಂತಿ ಬಲ್ಬಿನ ಹಳದಿ ಬಿಳುಪು, 4,000 ಎಂದರೆ ಹಳದಿಯೂ ನೀಲಿಯೂ ಅಲ್ಲದ ನಡುವಿನ ಬಿಳುಪು, 6,500 ಎಂದರೆ ನೀಲಿ ಬೆರೆತ ಬಿಳುಪು. ಸಿಆರ್‌ಐ ಎಂಬ ಇನ್ನೊಂದು ಅಂಕಿ ಆ ಬೆಳಕಿನಲ್ಲಿ ವಸ್ತುಗಳ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದನ್ನು 100ಕ್ಕೆ ಹೋಲಿಸಿ ಹೇಳುತ್ತದೆ. ಮುಖ ನೋಡಿಕೊಳ್ಳುವ ಜಾಗಕ್ಕೆ ಈ ಎರಡನೆಯ ಅಂಕಿಯೇ ಮುಖ್ಯ.

ಇದಕ್ಕೆ ಕಾರಣ ಎಲ್‌ಇಡಿಯ ಹುಟ್ಟಿನಲ್ಲಿಯೇ ಇದೆ. ಬಿಳಿ ಎಲ್‌ಇಡಿ ಎಂದು ನಾವು ಕರೆಯುವುದರ ಒಳಗಿರುವುದು ಸಾಮಾನ್ಯವಾಗಿ ನೀಲಿ ಬೆಳಕು ಸೂಸುವ ಚಿಪ್. ಅದರ ಮೇಲೆ ಬಳಿದ ಫಾಸ್ಫರ್ ಎಂಬ ಪ್ರತಿದೀಪಕ ಲೇಪ ನೀಲಿಯ ಒಂದಂಶವನ್ನು ಹಳದಿಯಾಗಿ ಮಾರ್ಪಡಿಸುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಸಾಕಷ್ಟು ಪ್ರಕಾಶವುಳ್ಳ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಅಗ್ಗದ ಲೇಪದಲ್ಲಿ ಕೊರತೆ ಬೀಳುವುದು ಕೆಂಪು. ಮನುಷ್ಯನ ಚರ್ಮದ ಬಣ್ಣ ಯಾವುದೇ ಇರಲಿ, ಅದಕ್ಕೆ ಜೀವಕಳೆ ಕೊಡುವುದು ಒಳಗಿನ ರಕ್ತದ ಕೆಂಪು; ಬೆಳಕಿನಲ್ಲಿ ಕೆಂಪಿಲ್ಲದಿದ್ದರೆ ಆರೋಗ್ಯವಂತರ ಮುಖವೂ ಬಾಡಿದಂತೆ ಕಾಣುತ್ತದೆ. ಸಿಆರ್‌ಐ ಅಂಕಿಯನ್ನು ಎಂಟು ತಿಳಿಬಣ್ಣಗಳ ಸರಾಸರಿಯಿಂದ ಲೆಕ್ಕ ಹಾಕುತ್ತಾರೆ, ಗಾಢ ಕೆಂಪು ಆ ಎಂಟರಲ್ಲಿ ಸೇರಿಲ್ಲ. ಅದನ್ನು ಆರ್9 ಎಂದು ಪ್ರತ್ಯೇಕವಾಗಿ ಅಳೆಯುತ್ತಾರೆ. 80 ಸಿಆರ್‌ಐ ಇರುವ ದೀಪದಲ್ಲಿ ಆರ್9 ಸೊನ್ನೆಯ ಆಸುಪಾಸಿನಲ್ಲಿಯೂ ಇರಬಹುದು. ಆದ್ದರಿಂದ ಕನ್ನಡಿಗೆ 90ಕ್ಕಿಂತ ಹೆಚ್ಚಿನ ಸಿಆರ್‌ಐ ಕೇಳಬೇಕು, ಆರ್9 ಅಂಕಿ 50 ದಾಟಿದೆಯೇ ಎಂದೂ ವಿಚಾರಿಸಬೇಕು.

ಮಾರುವವರಿಗೆ ಆ ಅಂಕಿ ತಿಳಿಯದಿದ್ದರೆ ಅಂಗೈಯೇ ಸಾಕು. ಅಂಗಡಿಯ ಉಳಿದ ದೀಪಗಳನ್ನು ಆರಿಸಿಸಿ, ಅಥವಾ ಕನ್ನಡಿಯನ್ನು ಮಬ್ಬಿರುವ ಮೂಲೆಗೆ ಒಯ್ದು ಹೊತ್ತಿಸಿ, ಮುಖ ಇರುವಷ್ಟು ದೂರದಲ್ಲಿ ಅಂಗೈಯನ್ನು ಕನ್ನಡಿಗೆ ಎದುರಾಗಿ ಹಿಡಿಯಿರಿ. ಗೆರೆಗಳು ಸ್ಪಷ್ಟವಾಗಿ ಕಂಡರೆ ಬೆಳಕು ಮುಂದಕ್ಕೆ ಬರುತ್ತಿದೆ. ಬೆರಳ ತುದಿಗಳು ಮತ್ತು ಹೆಬ್ಬೆರಳ ಬುಡದ ಉಬ್ಬು ಕೆಂಪಾಗಿ ಕಂಡರೆ ಬಣ್ಣವೂ ಸರಿಯಾಗಿದೆ. ಬೂದಿ ಬಳಿದಂತೆ ಕಂಡರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಅದೇ ಹೊತ್ತಿನಲ್ಲಿ ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾವನ್ನು ಬೆಳಕಿನ ಪಟ್ಟಿಯ ಕಡೆಗೆ ಹಿಡಿದು ನೋಡುವುದೂ ಒಳ್ಳೆಯದು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಕೀಳು ದರ್ಜೆಯ ಡ್ರೈವರ್ (ಎಲ್‌ಇಡಿಗೆ ವಿದ್ಯುತ್ ಒದಗಿಸುವ ಭಾಗ) ಇದ್ದರೆ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಕಣ್ಣಿಗೆ ನೇರವಾಗಿ ಗೋಚರಿಸದ ಈ ಮಿಣುಕು ಕೆಲವರಿಗೆ ತಲೆನೋವು ತರುತ್ತದೆ. ಕ್ಯಾಮೆರಾದಲ್ಲಿ ಅದು ಅಲೆಯಲೆಯಾಗಿ ಕಾಣಿಸುತ್ತದೆ.

ನಮ್ಮ ಕನ್ನಡಿಯಲ್ಲಿ ಮೂರು ಛಾಯೆಗಳನ್ನು ಬದಲಿಸುವ ಗುಂಡಿಯಿದೆ. ಅದರೊಳಗೆ ಹಳದಿ ಬಿಳುಪಿನ ಒಂದು ಸಾಲು, ನೀಲಿ ಬಿಳುಪಿನ ಒಂದು ಸಾಲು ಎಲ್‌ಇಡಿಗಳಿದ್ದು, ನಡುವಿನ ಛಾಯೆಗೆ ಎರಡೂ ಸಾಲುಗಳು ಒಟ್ಟಿಗೆ ಉರಿಯುತ್ತವೆ. ಹೀಗಾಗಿ ಪೂರ್ಣ ಪ್ರಕಾಶ ಸಿಗುವುದು ನಡುವಿನ ಛಾಯೆಯಲ್ಲಿ ಮಾತ್ರ. ತುದಿಯ ಎರಡು ಛಾಯೆಗಳಲ್ಲಿ ಬೆಳಕು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಬೆಳಿಗ್ಗೆ ನಡುವಿನದನ್ನು, ರಾತ್ರಿ ಹಳದಿಯದನ್ನು ಬಳಸುವ ನಮಗೆ ಇದು ಅನುಕೂಲವೇ ಆಯಿತು. ಕಣ್ಣಿನಲ್ಲಿ ನೋಟಕ್ಕೆ ನೆರವಾಗುವ ಕೋಶಗಳಲ್ಲದೆ, ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸಿ ಹಗಲು ರಾತ್ರಿಗಳ ಸುಳಿವನ್ನು ದೇಹಕ್ಕೆ ತಲುಪಿಸುವ ಕೋಶಗಳೂ ಇವೆ. ಮಲಗುವ ಮುನ್ನ ಹಲ್ಲುಜ್ಜಲು ಹೋದವರ ಮುಖಕ್ಕೆ 6,500 ಕೆಲ್ವಿನ್ ಬೆಳಕು ಹೊಡೆದರೆ ಬಂದ ನಿದ್ದೆ ಹಿಂದಕ್ಕೆ ಹೋಗುವುದು ಇದರಿಂದಲೇ. ಆ ಮೂರನೆಯ ಛಾಯೆಯನ್ನು ನಮ್ಮ ಮನೆಯಲ್ಲಿ ಯಾರೂ ಬಳಸಿಲ್ಲ.

ಕನ್ನಡಿಯ ಬೆನ್ನಿಗಿರುವ ಮಂಜು ನಿವಾರಕ ಹಾಳೆ ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಉಪಕಾರಿಯಾಗಿದೆ. ಬಿಸಿನೀರಿನ ಹಬೆ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುವುದನ್ನು ತಡೆಯಲು, ಗಾಜನ್ನು ಹನಿಗಟ್ಟುವ ಉಷ್ಣತೆಗಿಂತ ತುಸು ಮೇಲಿರಿಸಿದರೆ ಸಾಕು. ಆ ತೆಳು ಹಾಳೆ ಮಾಡುವುದು ಅಷ್ಟೇ ಕೆಲಸವನ್ನು. ಸ್ನಾನ ಮುಗಿಸಿ ಬಂದಾಗ ಕನ್ನಡಿಯ ಸುತ್ತಂಚು ಪೂರ್ತಿ ಬೆಳ್ಳಗೆ ಮಂಜುಗಟ್ಟಿದ್ದು, ನಡುವೆ ಒಂದು ದೊಡ್ಡ ಪುಸ್ತಕದಷ್ಟು ಜಾಗ ಮಾತ್ರ ತಿಳಿಯಾಗಿ, ಅದರ ಅಂಚಿನಲ್ಲಿ ಸಣ್ಣ ಹನಿಗಳು ಸಾಲುಗಟ್ಟಿ ನಿಂತಿರುತ್ತವೆ. ಹಾಳೆ ಎಷ್ಟು ಅಗಲವೋ ಅಷ್ಟೇ ತಿಳಿ. ಸ್ನಾನಕ್ಕೆ ಮುಂಚೆಯೇ ಅದನ್ನು ಚಾಲೂ ಮಾಡಬೇಕು, ಮಂಜು ಕಟ್ಟಿದ ಮೇಲೆ ಹಾಕಿದರೆ ಹಲವು ನಿಮಿಷ ಕಾಯಬೇಕಾಗುತ್ತದೆ. ದೀಪದ ಜೊತೆಗೇ ಹಾಳೆಯೂ ಬಿಸಿಯಾಗುವ ಮಾದರಿಗಳಿವೆ, ಪ್ರತ್ಯೇಕ ಗುಂಡಿ ಇರುವವೂ ಇವೆ, ಎರಡನೆಯದನ್ನು ಆರಿಸಿಕೊಳ್ಳಿ.

ಅದೇ ಕನ್ನಡಿಯ ಸ್ಪರ್ಶದ ಗುಂಡಿಯ ಬಗ್ಗೆ ಒಳ್ಳೆಯ ಮಾತು ಹೇಳಲಾರೆ. ಬಚ್ಚಲುಮನೆಯಲ್ಲಿ ಬೆರಳು ಒದ್ದೆಯಾಗಿರುವುದು ಸಹಜ, ಆದರೆ ಈ ಗುಂಡಿಗೆ ಒಣ ಬೆರಳೇ ಬೇಕು. ಕೆಲವೊಮ್ಮೆ ಗಾಜಿನ ಮೇಲೆ ಇಳಿದು ಬಂದ ನೀರಿನ ಹನಿ ಗುಂಡಿಯ ಮೇಲೆ ಹಾಯ್ದು ಛಾಯೆ ತಾನಾಗಿ ಬದಲಾಗುತ್ತದೆ. ವಿದ್ಯುತ್ ಹೋಗಿ ಬಂದಾಗ ಹಿಂದಿನ ಛಾಯೆ ನೆನಪಿರುವುದು ಮಾತ್ರ ಸಮಾಧಾನದ ಸಂಗತಿ. ಅದರಿಂದಾಗಿ, ಛಾಯೆ ಬದಲಿಸಲು ಬಿಟ್ಟರೆ ಗುಂಡಿಯನ್ನು ಮುಟ್ಟದೆ, ಬಾಗಿಲ ಹೊರಗಿನ ಗೋಡೆಯ ಸ್ವಿಚ್ಚಿನಿಂದಲೇ ಕನ್ನಡಿಯನ್ನು ಹೊತ್ತಿಸಿ ಆರಿಸುತ್ತಿದ್ದೇವೆ. ಈ ನೆನಪು ಇಲ್ಲದ ಕನ್ನಡಿಯಾಗಿದ್ದರೆ ಅದನ್ನೂ ಹಿಂದಿರುಗಿಸುತ್ತಿದ್ದೆ.

ಚಾವಣಿಯ ದೀಪವನ್ನು ಆಯ್ಕೆ ಮಾಡುವಾಗ ಮೊದಲು ನೋಡಬೇಕಾದದ್ದು ಐಪಿ ಎಂಬ ಎರಡು ಅಕ್ಷರಗಳ ಮುಂದಿನ ಎರಡು ಅಂಕೆಗಳು. ಮೊದಲನೆಯದು ಧೂಳಿನಂಥ ಘನ ವಸ್ತುಗಳಿಂದ, ಎರಡನೆಯದು ನೀರಿನಿಂದ ಸಿಗುವ ರಕ್ಷಣೆ. ಐಪಿ44 ಇದ್ದರೆ ಯಾವ ದಿಕ್ಕಿನಿಂದ ನೀರು ಸಿಡಿದರೂ ತಡೆಯುತ್ತದೆ. ಐಪಿ65 ಇದ್ದರೆ ಧೂಳು ಒಳಹೋಗುವುದಿಲ್ಲ, ಕೊಳವೆಯಿಂದ ಚಿಮ್ಮಿದ ನೀರನ್ನೂ ತಡೆಯುತ್ತದೆ. ಹಜಾರಕ್ಕೆ ಹಾಕುವ ಐಪಿ20 ದೀಪಕ್ಕೆ ನೀರಿನಿಂದ ಯಾವ ರಕ್ಷಣೆಯೂ ಇಲ್ಲ. ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡವಾದ ಐಇಸಿ 60364 ಬಚ್ಚಲುಮನೆಯನ್ನು ವಲಯಗಳಾಗಿ ವಿಂಗಡಿಸುತ್ತದೆ. ಸ್ನಾನದ ತೊಟ್ಟಿಯ ಒಳಭಾಗ ಸೊನ್ನೆಯ ವಲಯ, ಅಲ್ಲಿ ನೀರಿನಲ್ಲಿ ಮುಳುಗಿದರೂ ತಾಳುವ, 12 ವೋಲ್ಟ್ ಮೀರದ ದೀಪಕ್ಕೆ ಮಾತ್ರ ಅವಕಾಶ. ತೊಟ್ಟಿಯ ಮೇಲೆ, ನೆಲದಿಂದ 2.25 ಮೀಟರ್ ಎತ್ತರದವರೆಗೆ ಒಂದನೆಯ ವಲಯ. ಅದರಿಂದಾಚೆ 60 ಸೆಂಟಿಮೀಟರ್ ಎರಡನೆಯ ವಲಯ. ಈ ಎರಡರಲ್ಲಿಯೂ ನೀರಿನ ಅಂಕೆ ಕನಿಷ್ಠ 4 ಇರಬೇಕು. ತೊಟ್ಟಿಯಿಲ್ಲದೆ ನೇರವಾಗಿ ನೆಲದ ಮೇಲೆ ಶವರ್ ಇರುವ ಕಡೆ, ನೀರು ಬರುವ ಬಿಂದುವಿನಿಂದ 1.2 ಮೀಟರ್ ತ್ರಿಜ್ಯದ ವೃತ್ತವನ್ನು ಒಂದನೆಯ ವಲಯವೆಂದು ಗಣಿಸುತ್ತಾರೆ. ಸಣ್ಣ ಬಚ್ಚಲುಮನೆಯಲ್ಲಿ ಇದನ್ನು ಅಳೆದು ನೋಡಿದರೆ ಬೇಸಿನ್ನಿನ ಕನ್ನಡಿಯೂ ಆ ವೃತ್ತದೊಳಗೆ ಸಿಕ್ಕಿಬೀಳುವುದು ಕಾಣುತ್ತದೆ; ನಮ್ಮದರಲ್ಲಿ ಹಾಗೆಯೇ ಆಗಿ, ಕನ್ನಡಿಗೂ ಐಪಿ44 ಇದೆಯೇ ಎಂದು ನೋಡಿಯೇ ತಂದೆವು.

ನಾವು ತಂದದ್ದು ಐಪಿ65 ದೀಪವೇ. ಆದರೂ ಎರಡನೆಯ ತಿಂಗಳಿನಲ್ಲಿ ಅದರ ಬಿಳಿ ಮುಚ್ಚಳದ ಒಳಗಡೆ ಸಾಸಿವೆಯಷ್ಟು ಸಣ್ಣ ನೀರಿನ ಹನಿಗಳು ಕಾಣಿಸಿಕೊಂಡವು. ಮುಖ್ಯ ಸ್ವಿಚ್ ಆರಿಸಿ ಮುಚ್ಚಳ ಬಿಚ್ಚಿಸಿದಾಗ ಕಾರಣ ತಿಳಿಯಿತು. ವೈರ್ ಒಳಬರುವ ಕಡೆ ಇದ್ದ ರಬ್ಬರ್ ಬಿರಡೆಯನ್ನು ಕೆಲಸಗಾರರು ತೆಗೆದುಹಾಕಿ ದೊಡ್ಡ ರಂಧ್ರ ಕೊರೆದಿದ್ದರು, ಜೊತೆಗೆ ಒಂದು ವೈರ್ ಸುತ್ತಿನ ರಬ್ಬರ್ ವಾಷರಿನ ಮೇಲೆ ಅಡ್ಡಬಿದ್ದು ಮುಚ್ಚಳ ಅಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಹಬೆಗೆ ಅಷ್ಟು ದಾರಿ ಸಾಕು. ಹೊಸ ಬಿರಡೆ ಹಾಕಿ, ವೈರನ್ನು ಸರಿಸಿ ಕೂರಿಸಿದ ಮೇಲೆ ಒಂದು ಹನಿಯೂ ಬಂದಿಲ್ಲ. ಡಬ್ಬದ ಮೇಲಿನ 65 ಎಂಬ ಅಂಕಿ ಸರಿಯಾಗಿ ಅಳವಡಿಸಿದ ದೀಪಕ್ಕೆ ಮಾತ್ರ ಅನ್ವಯಿಸುತ್ತದೆ. ಕೆಲಸಗಾರರು ಏಣಿಯಿಂದ ಇಳಿಯುವ ಮುನ್ನ ವೈರ್ ಒಳಹೋಗುವ ಜಾಗವನ್ನು ನೀವೇ ಒಮ್ಮೆ ನೋಡಿಬಿಡಿ.

ಎಷ್ಟು ಬೆಳಕಿನ ದೀಪ ಬೇಕೆಂಬುದನ್ನು ವಾಟಿನಿಂದ ನಿರ್ಧರಿಸದೆ, ದೀಪ ಸೂಸುವ ಒಟ್ಟು ಬೆಳಕಿನ ಅಳತೆಯಾದ ಲ್ಯೂಮೆನ್‌ನಿಂದ ಲೆಕ್ಕ ಹಾಕಬೇಕು. ನಮ್ಮ ಬಚ್ಚಲುಮನೆ 2.4 ಮೀಟರ್ ಉದ್ದ, 1.8 ಮೀಟರ್ ಅಗಲ, ಅಂದರೆ 4.3 ಚದರ ಮೀಟರ್. ನೆಲದ ಮೇಲೆ 200 ಲಕ್ಸ್ (ಚದರ ಮೀಟರಿಗೆ 200 ಲ್ಯೂಮೆನ್) ಬೇಕೆಂದರೆ 860 ಲ್ಯೂಮೆನ್ ನೆಲವನ್ನು ಮುಟ್ಟಬೇಕು. ಮುಚ್ಚಳ, ಗೋಡೆ, ಕಡು ಬಣ್ಣದ ಟೈಲ್ಸ್ ಇವೆಲ್ಲ ಸೇರಿ ಸುಮಾರು ಅರ್ಧ ನುಂಗುತ್ತವೆಂದು ಹಿಡಿದು 1,700 ಲ್ಯೂಮೆನ್ನಿನ ದೀಪ ತಂದೆವು, ಅದು ಸರಿಹೋಗಿದೆ. ವಯಸ್ಸಾದವರಿರುವ ಮನೆಯಲ್ಲಿ ಇದಕ್ಕಿಂತ ಕಡಿಮೆ ಮಾಡಬಾರದು. 60 ದಾಟಿದವರಲ್ಲಿ ಕಣ್ಣಿನ ಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟುವುದರಿಂದ, 20ರ ಹರೆಯದವರ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಮೂರನೆಯ ಒಂದು ಭಾಗದಷ್ಟು ಮಾತ್ರ ಅವರ ಅಕ್ಷಿಪಟಲಕ್ಕೆ ತಲುಪುತ್ತದೆ. ಹಾಗೆಂದು ಬರಿಗಣ್ಣಿಗೆ ಚುಚ್ಚುವ ಸಣ್ಣ ಸಣ್ಣ ಡೌನ್‌ಲೈಟ್‌ಗಳನ್ನು ಹೊಳಪಿನ ಟೈಲ್ಸ್ ಮೇಲೆ ಹಾಕಿಸಿದರೆ, ಒದ್ದೆ ನೆಲದ ಮೇಲೆ ಅವುಗಳ ಪ್ರತಿಬಿಂಬ ಹೊಳೆದು ನೀರು ಎಲ್ಲಿ ನಿಂತಿದೆ ಎಂಬುದೇ ಕಾಣದಂತಾಗುತ್ತದೆ. ಅಗಲವಾದ, ಹಾಲಿನ ಬಣ್ಣದ ಮುಚ್ಚಳವಿರುವ ಒಂದು ದೀಪವೇ ಅವರಿಗೆ ಹಿತ.

ಸೆನ್ಸರಿನ ವಿಷಯದಲ್ಲಿ ನಾನು ಮಾಡಿದ ಆಯ್ಕೆ ಅಪಾಯಕಾರಿಯಾಗಿತ್ತು, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಚಾವಣಿಯ ದೀಪವನ್ನು ಪಿಐಆರ್ ಸೆನ್ಸರಿಗೆ ಜೋಡಿಸಿದ್ದೆವು. ಅದು ಮನುಷ್ಯನ ಮೈಯಿಂದ ಹೊಮ್ಮುವ ಶಾಖದ ಕಿರಣಗಳು ಜಾಗ ಬದಲಿಸುವುದನ್ನು ಗುರುತಿಸುವ ಸಾಧನ. ನಮ್ಮ ಶವರ್ ಜಾಗಕ್ಕೆ ಗಾಜಿನ ತಡೆಯಿದೆ. ಗಾಜು ಕಣ್ಣಿಗೆ ಕಾಣುವ ಬೆಳಕನ್ನು ಬಿಡುತ್ತದೆ, ಆದರೆ ಸುಮಾರು 10 ಮೈಕ್ರೊಮೀಟರ್ ತರಂಗಾಂತರದ ಈ ಶಾಖ ಕಿರಣಗಳನ್ನು ಬಿಡುವುದಿಲ್ಲ. ಗಾಜಿನ ಹಿಂದೆ ನಿಂತವರು ಸೆನ್ಸರಿನ ಪಾಲಿಗೆ ಇಲ್ಲವೇ ಇಲ್ಲ. ಒಂದು ಸಂಜೆ ಅಮ್ಮ ತಲೆಗೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ್ದಾಗ ನಿಗದಿತ ಮೂರು ನಿಮಿಷ ಮುಗಿದು ದೀಪ ಆರಿತು. ಕಣ್ಣು ತೆರೆದಾಗ ಪೂರ್ತಿ ಕತ್ತಲೆ, ಕಾಲಡಿಯಲ್ಲಿ ನೊರೆ. ಅವರು ಗಾಬರಿಯಾಗದೆ ನಲ್ಲಿಯನ್ನು ಹಿಡಿದು ನಿಂತು ನನ್ನನ್ನು ಕೂಗಿದ್ದರಿಂದ ಅನಾಹುತ ತಪ್ಪಿತು. ಮರುದಿನವೇ ಚಾವಣಿಯ ದೀಪವನ್ನು ಸಾಮಾನ್ಯ ಸ್ವಿಚ್ಚಿಗೆ ಮರಳಿಸಿದೆವು. ಸ್ನಾನ ಮಾಡುವ ಜಾಗದ ಮುಖ್ಯ ದೀಪವನ್ನು ಯಾವ ಸೆನ್ಸರಿನ ವಶಕ್ಕೂ ಒಪ್ಪಿಸಬೇಡಿ.

ಆ ಸೆನ್ಸರ್ ಈಗ ವಾಷ್ ಬೇಸಿನ್ ಕಪಾಟಿನ ಅಡಿಯಲ್ಲಿದೆ. ಅದಕ್ಕೆ 2,700 ಕೆಲ್ವಿನ್ನಿನ, 2 ವಾಟಿನ ಒಂದು ಪುಟ್ಟ ಎಲ್‌ಇಡಿ ಪಟ್ಟಿಯನ್ನು ನೆಲದ ಕಡೆಗೆ ಮುಖಮಾಡಿ ಜೋಡಿಸಿದ್ದೇವೆ. ರಾತ್ರಿ ಯಾರಾದರೂ ಬಾಗಿಲು ತೆರೆದೊಡನೆ ನೆಲದ ಮೇಲೆ ಎರಡು ಹೆಜ್ಜೆಯಷ್ಟು ದೂರ ಮಂದವಾದ ಹಳದಿ ಬೆಳಕು ಹರಡುತ್ತದೆ, ದೀಪ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ತಂದೆಯವರು ರಾತ್ರಿ ಎರಡು ಮೂರು ಬಾರಿ ಏಳುತ್ತಾರೆ. ದೊಡ್ಡ ದೀಪ ಹಾಕದೆ, ನಿದ್ದೆಗೆಡದೆ, ಗೋಡೆ ತಡವದೆ ಹೋಗಿ ಬರುತ್ತಾರೆ. ಕೊಂಡ ವಸ್ತುಗಳಲ್ಲಿ ಅತಿ ಚಿಕ್ಕದು ಇದು, ನನ್ನ ಮಟ್ಟಿಗೆ ಅತಿ ಬೆಲೆಯುಳ್ಳದ್ದೂ ಇದೇ.

ವೈರಿಂಗ್ ಬಗ್ಗೆ ಹೇಳುವುದಾದರೆ, ಟೈಲ್ಸ್ ಕೂರಿಸುವ ಮೊದಲೇ ಕನ್ನಡಿ, ಚಾವಣಿ ಮತ್ತು ನೆಲದ ದೀಪಗಳಿಗೆ ಮೂರು ಬೇರೆ ಬೇರೆ ಲೈನುಗಳನ್ನು ಎಳೆಸಿಡಬೇಕು, ಆ ಮೇಲೆ ಗೋಡೆ ಒಡೆಯುವ ಮನಸ್ಸು ಯಾರಿಗೂ ಬರುವುದಿಲ್ಲ. ಮೂರೂ, ವಿದ್ಯುತ್ ಸೋರಿದೊಡನೆ ಹರಿವನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯ ಅಡಿಯಲ್ಲಿ ಇರಲೇಬೇಕು, ಲೋಹದ ಚೌಕಟ್ಟಿನ ಕನ್ನಡಿಗೆ ಅರ್ಥಿಂಗ್ ಇರಲೇಬೇಕು. ಇವುಗಳಲ್ಲಿ ರಾಜಿ ಸಲ್ಲದು.

ನಮ್ಮ ಕನ್ನಡಿಯ ಮೇಲೆ ನನಗೆ ಉಳಿದಿರುವ ಒಂದು ದೊಡ್ಡ ಆಕ್ಷೇಪ ಅದರ ದುರಸ್ತಿಯದು. ಡಬ್ಬದ ಮೇಲೆ 25,000 ಗಂಟೆಗಳ ಬಾಳಿಕೆ ಎಂದು ಬರೆದಿದೆ. ಇಂಥ ಅಂಕಿ ಸಾಮಾನ್ಯವಾಗಿ ಹೇಳುವುದು ಬೆಳಕು ಮೊದಲಿನ ಶೇಕಡಾ 70ಕ್ಕೆ ಇಳಿಯುವ ಸಮಯವನ್ನು, ಅದೂ ಎಲ್‌ಇಡಿಯ ಬಗ್ಗೆ. ಆದರೆ ಶಾಖ ಮತ್ತು ತೇವದಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಅದಕ್ಕೆ ವಿದ್ಯುತ್ ಒದಗಿಸುವ ಡ್ರೈವರ್. ನಮ್ಮ ಕನ್ನಡಿಯ ಡ್ರೈವರನ್ನು ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ ಬದಲಿಸಬಹುದು, ಅದಕ್ಕಾಗಿಯೇ ಇದನ್ನು ಆರಿಸಿದೆ. ಎಲ್‌ಇಡಿ ಪಟ್ಟಿಗಳು ಮಾತ್ರ ಅಂಟಿನಿಂದ ಕೂರಿಸಿದವಾಗಿದ್ದು, ಅವು ಕೆಟ್ಟರೆ ಇಡೀ ಕನ್ನಡಿಯನ್ನೇ ತೆಗೆದುಹಾಕಬೇಕಾಗುತ್ತದೆ. ಪಟ್ಟಿಯನ್ನೂ ಬಿಡಿಯಾಗಿ ಬದಲಿಸಬಹುದಾದ ಮಾದರಿ ಸಿಕ್ಕಿದರೆ ತುಸು ಹೆಚ್ಚು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಕನ್ನಡಿಯನ್ನು ಗೋಡೆಗೆ ತೂಗುಹಾಕುವ ಮುನ್ನ ನಾನು ಡ್ರೈವರಿನ ಮೇಲಿದ್ದ ವೋಲ್ಟ್, ಆಂಪಿಯರ್ ಮತ್ತು ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು, ಬಾಗಿಲ ಹೊರಗಿನ ಸ್ವಿಚ್ ಬೋರ್ಡಿನ ಮುಚ್ಚಳದ ಒಳಬದಿಗೆ ಅಂಟಿಸಿದ್ದೇನೆ.